ಎಡಕ್ಕೆ ವಾಲಿದ ಹಾಡು

ಬೋಪಲ್, ಅಹಮದಾಬಾದ್
ಭಾನುವಾರ, 2 ನವೆಂಬರ್ 2025

ರೀ,

ಮದುವೆಯಾಗಿ ಇಷ್ಟು ವರ್ಷವಾದರೂ ಪತ್ರದಲ್ಲಿ ನಿಮ್ಮನ್ನು ಏನೆಂದು ಕರೆಯಬೇಕೋ ತಿಳಿಯಲಿಲ್ಲ. ಅದಕ್ಕೇ ಅಡುಗೆಮನೆಯಿಂದ ಕೂಗುವ ಹಾಗೆಯೇ ಕರೆದಿದ್ದೇನೆ. ಹೇಗಿದ್ದೀರಿ? ಬೆರಳ ತುದಿ ಒಡೆದಿದ್ದು ವಾಸಿಯಾಯಿತೇ? ಕೊಬ್ಬರಿ ಎಣ್ಣೆ ಅಲ್ಲಿ ಕಲ್ಲಾಗಿರುತ್ತದೆ ಎಂದು ಗೊತ್ತು, ಆದರೂ ಕೈಯಲ್ಲಿ ಉಜ್ಜಿ ಕರಗಿಸಿ ಹಚ್ಚಿಕೊಳ್ಳಿ. ಇನ್ನು ಸ್ವಲ್ಪ ದಿನದಲ್ಲಿ ನಿಮ್ಮ ಅಂಟಾರ್ಕ್ಟಿಕಾದ ನೆಲೆಯಲ್ಲಿ ಸೂರ್ಯ ಮುಳುಗುವುದೇ ಇಲ್ಲ ಎಂದಿದ್ದಿರಿ. ಕಿಟಕಿಗೆ ದಪ್ಪ ಪರದೆ ಕಟ್ಟಿ, ಕೆಲಸದ ಆಂಟೆನಾಗಳ ಚಿಂತೆ ಬಿಟ್ಟು ಮಲಗಿ. ನಿಮ್ಮ ಆಫೀಸಿನ ದಿವಾಕರ ಅವರು ಬೇಸಿಗೆಯ ತಂಡದೊಂದಿಗೆ ಹೊರಟಿದ್ದಾರೆ. ಅವರ ಕೈಯಲ್ಲಿ ಈ ಪತ್ರ, ಶೇಂಗಾ ಚಟ್ನಿಪುಡಿ, ಮತ್ತು ಒಂದು ಪೆನ್‌ಡ್ರೈವ್ ಕಳಿಸುತ್ತಿದ್ದೇನೆ. ಪತ್ರವನ್ನು ಮೊದಲು ಓದಿ. ಪೆನ್‌ಡ್ರೈವ್ ಆಮೇಲೆ.

ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಿಮ್ಮ ಕಡೆಯಿಂದ ದನಿ ತಡವಾಗಿ ಬರುತ್ತದೆ, ನೀವು "ಏನು, ಏನು" ಅನ್ನುತ್ತೀರಿ, ನಾನೂ "ಏನು, ಏನು" ಅನ್ನುತ್ತೇನೆ, ಅಷ್ಟರಲ್ಲಿ ಮಾತು ಮುಗಿಯುತ್ತದೆ. ನಾನು ಅಷ್ಟೊಂದು ಸಲ "ಏನು" ಅನ್ನುವುದಕ್ಕೆ ಲೈನ್ ಒಂದೇ ಕಾರಣವಲ್ಲ. ಅದನ್ನು ಮುಂದೆ ಹೇಳುತ್ತೇನೆ.

ನಿಮ್ಮ ಮಗಳು ಮೇದಿನಿ ಜೂನ್‌ನಲ್ಲಿ ಸೂರತ್‌ನ ಜವಳಿ ಡಿಸೈನ್ ಕೆಲಸಕ್ಕೆ ಹೋದಳಲ್ಲ, ಹೋಗುವಾಗ ತನ್ನ ಹಳೆಯ ಲ್ಯಾಪ್‌ಟಾಪನ್ನೂ ಎರಡು ಗೇಣಿನ ಸಂಗೀತದ ಕೀಬೋರ್ಡನ್ನೂ ಮನೆಯಲ್ಲೇ ಬಿಟ್ಟಳು. ಆಫೀಸಿನಿಂದ ಬಂದು ಒಬ್ಬಳಿಗೇ ಅನ್ನ ಇಟ್ಟುಕೊಂಡು ಕೂತರೆ ಮನೆ ಎಷ್ಟು ಸುಮ್ಮನಿರುತ್ತದೆ ಅಂದರೆ, ಕುಕ್ಕರ್ ಕೂಗಿದರೂ ಯಾರೋ ಬಂದರೆಂದು ಖುಷಿಯಾಗುತ್ತದೆ. ಒಂದು ಸಂಜೆ ಲ್ಯಾಪ್‌ಟಾಪಿನಲ್ಲಿದ್ದ ಅವಳ ಹಾಡುಗಳನ್ನು ಹಾಕಿದೆ. ಪ್ರೋಗ್ರೆಸಿವ್ ಹೌಸ್ ಅನ್ನುತ್ತಾರಂತೆ. ಈ ಮನೆಯಲ್ಲಿ ನಾವಿಬ್ಬರೂ "ಬಾಗಿಲು ಹಾಕಿಕೊಳ್ಳೇ" ಎಂದು ಬೈದ ಅದೇ ಹಾಡುಗಳು. ಬಾಗಿಲ ಈಚೆಗೆ ಬರೀ ಢಬ್ ಢಬ್ ಬರುತ್ತಿತ್ತು, ನೆನಪಿದೆಯೇ? ಒಳಗೆ ಕೂತು ಕೇಳಿದರೆ ಬೇರೆಯೇ ಇದೆ. ನಾಲ್ಕೇ ನಾಲ್ಕು ಸ್ವರ, ಒಂದೇ ನಡೆ. ಆದರೆ ಒಂದೊಂದಾಗಿ ಏನೋ ಬಂದು ಸೇರುತ್ತದೆ, ಏನೋ ಹೇಳದೆ ಎದ್ದು ಹೋಗುತ್ತದೆ; ಏಳೆಂಟು ನಿಮಿಷ ಆದ ಮೇಲೆ ನೋಡಿದರೆ ನಾವು ಎಲ್ಲೋ ಬಂದುಬಿಟ್ಟಿರುತ್ತೇವೆ. ಆತುರವೇ ಇಲ್ಲದ ಸಂಗೀತ. ಈ ವರ್ಷ ನನಗೆ ಬೇಕಾಗಿದ್ದದ್ದು ಅದೇ.

ಇಂಥ ಹಾಡು ನಾನೂ ಮಾಡುತ್ತೇನೆ ಎಂದು ಫೋನಿನಲ್ಲಿ ಅಂದೆ. ಮೇದಿನಿ ನಗಲಿಲ್ಲ, ಅದೇ ಆಶ್ಚರ್ಯ. ನವರಂಗಪುರದಲ್ಲಿ ಅವಳ ಗೆಳತಿ ತೃಪ್ತಿಗೆ ಒಂದು ಸಣ್ಣ ಸ್ಟುಡಿಯೋ ಇದೆ, ನಮ್ಮ ವಿಮಾ ಆಫೀಸಿನ ಹಿಂದಿನ ಗಲ್ಲಿಯಲ್ಲೇ. ಪ್ರತಿ ಶನಿವಾರ ಅಲ್ಲಿಗೆ ಹೋದೆ. ಮೊದಲ ಪ್ರಶ್ನೆ ಯಾವ ಸಿಂಥಸೈಜರ್, ಅಂದರೆ ದನಿ ಹುಟ್ಟಿಸುವ ಯಂತ್ರ, ಎಂಬುದು. ಸೀರೆ ಅಂಗಡಿಯಲ್ಲಿ ಹಾಸಿದಂತೆ ತೃಪ್ತಿ ಒಂದೊಂದಾಗಿ ತೋರಿಸಿದಳು. ಕಂಪ್ಯೂಟರಿನೊಳಗೇ ಇರುವ ಒಂದು, ಗಾಜಿನ ಹಾಗೆ ಹೊಳೆಯುತ್ತದೆ, ನೂರಾರು ಬಗೆಯ ಅಲೆಗಳಿವೆ, ಆದರೆ ನನಗೆ ತಲೆ ತಿರುಗಿತು. ಮೇಜಿನ ಮೇಲಿಡುವ ನಿಜವಾದ ಅನಲಾಗ್ ಯಂತ್ರ ಇನ್ನೊಂದು, ದನಿ ತುಪ್ಪದ ಹಾಗೆ, ಆದರೆ ಒಂದು ಸಲಕ್ಕೆ ಒಂದೇ ಸ್ವರ. ಕೊನೆಗೆ ನಾನು ಆರಿಸಿದ್ದು ಕಂಪ್ಯೂಟರಿನಲ್ಲೇ ಆ ಹಳೆಯ ಅನಲಾಗ್ ರೀತಿಯನ್ನು ಅನುಕರಿಸುವ ಸರಳವಾದ ಒಂದನ್ನು. ಸ್ವರ ಹುಟ್ಟಿಸುವ ಎರಡು ಆಸಿಲೇಟರ್, ಅದನ್ನು ಸೋಸುವ ಒಂದು ಫಿಲ್ಟರ್, ಎಲ್ಲ ಗುಂಡಿಗಳೂ ಒಂದೇ ಮುಖದ ಮೇಲೆ. "ಅಮ್ಮಾ, ಹತ್ತು ಇಟ್ಕೋಬೇಡ, ಒಂದನ್ನೇ ಪೂರ್ತಿ ಕಲಿ" ಎಂದು ಮೇದಿನಿಯೂ ಹೇಳಿದ್ದಳು.

ಆಸಿಲೇಟರ್, ಫಿಲ್ಟರ್, ಕಟಾಫ್. ಈ ಮಾತುಗಳನ್ನು ನಾನು ಊಟದ ಮೇಜಿನಲ್ಲಿ ನಿಮ್ಮ ಬಾಯಿಂದ ಎಷ್ಟು ಸಲ ಕೇಳಿ, ಹೂಂಗುಟ್ಟಿ, ಸಾರು ಬಡಿಸಿಲ್ಲ! ಈಗ ಅವು ಕೈಗೆ ಸಿಕ್ಕವು. ಎರಡು ಆಸಿಲೇಟರಿಗೂ ಒಂದೇ ಸ್ವರ ಕೊಟ್ಟು, ಒಂದನ್ನು ಕೂದಲೆಳೆಯಷ್ಟು ಪಕ್ಕಕ್ಕೆ ಸರಿಸಿದರೆ ದನಿ ಇದ್ದಕ್ಕಿದ್ದಂತೆ ಅಗಲವಾಗಿ ಉಸಿರಾಡತೊಡಗುತ್ತದೆ. ಪೂರ್ತಿ ಒಂದೇ ಆಗಿದ್ದರೆ ಸಪ್ಪೆ, ಬಹಳ ಸರಿದರೆ ಅಪಸ್ವರ. ಫಿಲ್ಟರನ್ನು ಮುಚ್ಚಿಟ್ಟರೆ ಪಕ್ಕದ ಮನೆಯಲ್ಲಿ ಯಾರೋ ಬಾರಿಸುತ್ತಿರುವ ಹಾಗೆ; ಎರಡು ನಿಮಿಷ ತೆಗೆದುಕೊಂಡು ನಿಧಾನವಾಗಿ ತೆರೆದರೆ ಬೆಳಗು ಹರಿದ ಹಾಗೆ. ಇನ್ನೊಂದು ಉಪಾಯಕ್ಕೆ ಸೈಡ್‌ಚೈನ್ ಅನ್ನುತ್ತಾರೆ: ಕೆಳಗಿನ ಢಬ್ ಬಂದಾಗಲೆಲ್ಲ ಉಳಿದ ಸ್ವರಗಳು ತಲೆ ತಗ್ಗಿಸಿ ದಾರಿ ಬಿಟ್ಟು ಮತ್ತೆ ಏಳುತ್ತವೆ. ನಿಮ್ಮ ಅಮ್ಮ ನಡುಮನೆಗೆ ಬಂದಾಗ ನಾವೆಲ್ಲ ಹಾಗೇ ಮಾಡುತ್ತಿದ್ದೆವು. ಅವರಿಗೆ ಹೇಳಬೇಡಿ.

ಅಕ್ಟೋಬರ್ ಮೊದಲ ಶನಿವಾರ ನನ್ನ ಹಾಡನ್ನು ತೃಪ್ತಿಯ ದೊಡ್ಡ ಸ್ಪೀಕರುಗಳಲ್ಲಿ ಹಾಕಿದೆವು. ಅವಳು ಅರ್ಧಕ್ಕೇ ನಿಲ್ಲಿಸಿ, "ಇಂದಿರಾಬೆನ್, ಸಬ್ ಕುಛ್ ಲೆಫ್ಟ್ ಮೇ ಕ್ಯೂಂ ಹೈ?" ಎಂದಳು. ಎಲ್ಲವೂ ಎಡಕ್ಕೆ ವಾಲಿತ್ತಂತೆ. ನನಗೆ ಸರಿಯಾಗಿ ನಡುವೆಯೇ ಕೇಳಿಸುತ್ತಿತ್ತು. ನನ್ನ ಹೆಡ್‌ಫೋನ್ ಕೆಟ್ಟಿರಬೇಕು ಅಂದೆ. ಅವಳು ಅದನ್ನು ನನ್ನ ತಲೆಯಿಂದ ತೆಗೆದು, ಬಲದ್ದನ್ನು ಎಡಕ್ಕೆ ತಿರುಗಿಸಿ ಮತ್ತೆ ಇಟ್ಟಳು. ಹೆಡ್‌ಫೋನ್ ಕೆಟ್ಟಿದ್ದರೆ ಮಂಕು ಬಲಗಿವಿಗೆ ಹೋಗಬೇಕಿತ್ತು. ಹೋಗಲಿಲ್ಲ, ಎಡದಲ್ಲೇ ಇತ್ತು. ಮಂದವಾಗಿದ್ದದ್ದು ನನ್ನ ಎಡಗಿವಿ; ಅದಕ್ಕೆ ಸಮವಾಗಲೆಂದು ನನಗೇ ತಿಳಿಯದೆ ಎಡದ ಸದ್ದನ್ನು ಏರಿಸಿದ್ದೆ. ಆ ಹುಡುಗಿ ನೀರು ತಂದುಕೊಟ್ಟಳು. ಆಗ ಒಂದೊಂದೇ ನೆನಪಾಯಿತು. ನವರಾತ್ರಿಯಲ್ಲಿ ಸೊಸೈಟಿಯ ಗರ್ಬಾಕ್ಕೆ ಈ ಸಲ ಸೌಂಡ್ ಕಡಿಮೆ ಇಟ್ಟಿದ್ದೀರಿ, ಬಹಳ ಒಳ್ಳೆಯದಾಯಿತು ಎಂದು ಚೇರ್ಮನ್ನರನ್ನು ಹೊಗಳಿ ಬಂದಿದ್ದೆ. ಅವರು ನನ್ನ ಮುಖವನ್ನೇ ನೋಡಿದ್ದರು.

ನವರಂಗಪುರದ ಕಿವಿ ಡಾಕ್ಟರು ಒಳ್ಳೆಯವರು. ತಟ್ಟಿದರೆ ಗುಂಯ್‌ಗುಟ್ಟುವ ಟ್ಯೂನಿಂಗ್ ಫೋರ್ಕನ್ನು ಎಡಗಿವಿಯ ಮುಂದೆ ಹಿಡಿದಾಗ ಕೇಳಿಸಿದ್ದು ಅಷ್ಟಕ್ಕಷ್ಟೇ. ಕಿವಿಯ ಹಿಂದಿನ ಮೂಳೆಗೆ ಒತ್ತಿದಾಗ ಸ್ಪಷ್ಟವಾಗಿ ಕೇಳಿಸಿತು. ಒಳಗಿನ ನರ ಚೆನ್ನಾಗಿದೆಯಂತೆ. ಸದ್ದನ್ನು ಒಳಗೆ ದಾಟಿಸುವ ಅಕ್ಕಿಕಾಳಿಗಿಂತ ಸಣ್ಣ ಮೂಳೆಯೊಂದು ಬಿಗಿದುಕೊಂಡಿದೆ. ಆಪರೇಷನ್ ಮಾಡಿ ಅದರ ಜಾಗದಲ್ಲಿ ಪುಟ್ಟದೊಂದು ಕಡ್ಡಿ ಇಡುತ್ತಾರೆ. ಬಹುತೇಕರಿಗೆ ಕಿವಿ ಮರಳಿ ಬರುತ್ತದೆ. ಅಪರೂಪಕ್ಕೆ ಉಳಿದಿದ್ದೂ ಹೋಗುತ್ತದೆ. ಅವಸರವಿಲ್ಲ ಎಂದರು. ನಮ್ಮ ಮನೆಯವರು ಮಾರ್ಚ್‌ನಲ್ಲಿ ಬರುತ್ತಾರೆ, ಬಂದ ಮೇಲೆ ನೋಡೋಣ ಎಂದು ಹೇಳಿ ಬಂದೆ.

ಸುದ್ದಿ ತಿಳಿದದ್ದೇ ಮೇದಿನಿ ಮೊದಲ ರೈಲಿಗೇ ಬಂದಳು. ಬಾಗಿಲಲ್ಲೇ ಜಗಳ. ನಿಮ್ಮ ಮಗಳ ಕನ್ನಡ ಗೊತ್ತಲ್ಲ, ಸಿಟ್ಟು ಬಂದಾಗ ಗುಜರಾತಿ, ಅಳು ಬಂದಾಗ ಕನ್ನಡ. "ನಾನು ಮಾತಾಡೋದು ನಿಂಗೆ ಬೋರ್ ಆಗ್ತದೆ ಅಂದ್ಕೊಂಡಿದ್ದೆ ಅಮ್ಮಾ. ಫೋನಲ್ಲಿ ನೀ ಆನ್ಸರೇ ಮಾಡ್ತಿರ್ಲಿಲ್ಲ" ಎಂದಳು. ರೀ, ನಾನು ಫೋನ್ ಹಿಡಿಯುತ್ತಿದ್ದದ್ದು ಎಡಗಿವಿಗೇ; ನಾಲ್ಕು ತಿಂಗಳು ಆ ಮಗು ಹಾಗೆಂದುಕೊಂಡಿತ್ತು. ಕಿವಿಯ ವಿಷಯಕ್ಕೆ ನಾನು ಅತ್ತಿರಲಿಲ್ಲ, ಅದಕ್ಕೆ ಅತ್ತೆ. ಆಮೇಲೆ ಇಬ್ಬರೂ ಅವಲಕ್ಕಿ ತಿಂದು ಹಾಡಿನ ಮುಂದೆ ಕೂತೆವು. ಎಲ್ಲವನ್ನೂ ಮಾನೋದಲ್ಲಿ, ಅಂದರೆ ಎಡಬಲ ಬೆರೆಸಿ ಒಂದೇ ಮಾಡಿ, ಬಲಗಿವಿಯಲ್ಲಿ ಕೇಳುವುದನ್ನು ಕಲಿಸಿದಳು. ದೊಡ್ಡ ದೊಡ್ಡವರೂ ಹಾಗೇ ಪರೀಕ್ಷಿಸುತ್ತಾರಂತೆ: ಒಂದೇ ಕಡೆಯಿಂದ ಕೇಳಿದರೂ ನಿಲ್ಲುವ ಹಾಡೇ ಗಟ್ಟಿ ಹಾಡು. ಯಾವಾಗ ಏನು ಬರಬೇಕು, ಎಷ್ಟು ಕಾಯಿಸಬೇಕು ಎಂಬುದು ನನ್ನ ಕೆಲಸ. ಯಾವುದು ಎಡಕ್ಕೆ, ಯಾವುದು ಬಲಕ್ಕೆ ಎಂಬುದು ಅವಳದು.

ದೀಪಾವಳಿಯಾದ ಮೇಲೆ ವಡೋದರಾದ ಹೊರಗೆ ಒಂದು ಫಾರ್ಮ್‌ಹೌಸಿನಲ್ಲಿ ತೃಪ್ತಿ ನಮ್ಮ ಹಾಡನ್ನು ಬಾರಿಸಿದಳು. ಇಳಿಹೊತ್ತು, ಹುಲ್ಲಿನ ಮೇಲೆ ಮೂವತ್ತು ನಲವತ್ತು ಮಕ್ಕಳು, ಕೈಯಲ್ಲಿ ಮಸಾಲೆ ಮಜ್ಜಿಗೆ. ನಾನು ಇಳಕಲ್ ಸೀರೆ ಉಟ್ಟು ಪ್ಲಾಸ್ಟಿಕ್ ಕುರ್ಚಿಯಲ್ಲಿ. ನಡುವೆ ಒಂದು ಕಡೆ ಢಬ್ ನಿಂತು ಬರೀ ಸ್ವರ ಉಳಿಯುತ್ತದೆ. ಅದನ್ನು ಬಹಳ ಉದ್ದ ಮಾಡಿದ್ದೀ, ಜನ ಫೋನ್ ತೆಗೀತಾರೆ ಎಂದು ಮೇದಿನಿ ಕತ್ತರಿಸಲು ನೋಡಿದ್ದಳು, ನಾನು ಬಿಟ್ಟಿರಲಿಲ್ಲ. ಒಬ್ಬರೂ ಫೋನ್ ತೆಗೆಯಲಿಲ್ಲ. ಎಲ್ಲ ನಿಂತಲ್ಲೇ ಸ್ವಲ್ಪ ತೂಗುತ್ತ ಕಾದರು. ಮತ್ತೆ ಢಬ್ ಬಂದಾಗ ಎಲ್ಲರೂ ಒಟ್ಟಿಗೇ ಕೂಗಿದರು ನೋಡಿ, ಅದು ನನಗೆ ಎರಡೂ ಕಿವಿಯಲ್ಲಿ ಕೇಳಿಸಿತು ಎಂದೇ ಹೇಳುತ್ತೇನೆ, ಡಾಕ್ಟರು ಏನು ಬೇಕಾದರೂ ಅನ್ನಲಿ. ಮೇದಿನಿ ನನ್ನ ಕುರ್ಚಿಯ ಹಿಂದೆ ನಿಂತು ನನ್ನ ಎರಡೂ ಭುಜ ಹಿಡಿದುಕೊಂಡಿದ್ದಳು.

ಪೆನ್‌ಡ್ರೈವ್‌ನಲ್ಲಿರುವುದು ಆ ಹಾಡೇ. ಹೊತ್ತಿಗೆ ಸರಿಯಾಗಿ ಉಣ್ಣಿ. ಹೊರಗೆ ಹೋಗುವಾಗ ಕಿವಿ ಮುಚ್ಚಿಕೊಳ್ಳಿ, ಈ ಮಾತನ್ನು ಈಗ ತಿಳಿದೇ ಹೇಳುತ್ತಿದ್ದೇನೆ. ಅಲ್ಲಿರುವ ಎಲ್ಲರಿಗೂ ಚಟ್ನಿಪುಡಿ ಹಂಚಿ, ನೀವೊಬ್ಬರೇ ಖಾಲಿ ಮಾಡಬೇಡಿ. ದೇವರು ನಿಮ್ಮನ್ನು ಬೆಚ್ಚಗಿಟ್ಟಿರಲಿ.

ನಿಮ್ಮ
ಇಂದಿರಾ

ತಾ.ಕ.: ದಿವಾಕರ ಅವರು ಕೆಳಗೆ ಬಂದು ಹಾರ್ನ್ ಮಾಡುತ್ತಿದ್ದಾರಂತೆ, ಮೇದಿನಿ ಹೇಳಿದಳು. ಬೇಗ ಬರೆಯುತ್ತೇನೆ. ಮಾರ್ಚ್‌ವರೆಗೆ ಕಾಯುವುದಿಲ್ಲ. ನಿನ್ನೆ ಡಾಕ್ಟರಿಗೆ ಫೋನ್ ಮಾಡಿ ಆಪರೇಷನ್ನಿಗೆ ಡಿಸೆಂಬರ್‌ನಲ್ಲೇ ದಿನ ಗೊತ್ತುಮಾಡಿದೆ. ಮೇದಿನಿ ರಜೆ ಹಾಕುತ್ತಾಳೆ, ನೀವು ದೂರದಲ್ಲಿ ಕೂತು ಸಂಕಟಪಡಬೇಡಿ. ಭಯ ನನಗೂ ಇದೆ. ಆದರೆ ಮಲಗುವಾಗ ನೀವು ಇರುವುದು ನನ್ನ ಎಡಗಡೆ. ದೀಪ ಆರಿಸಿದ ಮೇಲೆ ನೀವು ಮೆಲ್ಲಗೆ ಏನೇನೋ ಹೇಳುತ್ತೀರಲ್ಲ, ಹೋದ ವರ್ಷ ನೀವು ಹೊರಡುವ ಮೊದಲೇ ಅದರಲ್ಲಿ ಅರ್ಧಕ್ಕೂ ಹೆಚ್ಚು ನನಗೆ ಕೇಳಿಸುತ್ತಿರಲಿಲ್ಲ. ಬಂದವರೇ ಎಲ್ಲವನ್ನೂ ಮತ್ತೊಮ್ಮೆ ಹೇಳಬೇಕು.