ಶನಿವಾರ ಕೆಡುತ್ತಿದ್ದ ಮುಖಪುಟ

ಸೋಮವಾರ, ಮಧ್ಯಾಹ್ನ

ನನ್ನ ಮುದ್ದಿನ ಜಗಳಗಂಟಿಗೆ,

ನಿನ್ನ ಅತ್ತೆ ಮಾಡುವ ಆಶೀರ್ವಾದಗಳು. ಸದ್ಯಕ್ಕೆ ನನ್ನ ಆಶೀರ್ವಾದ ಬೇಡವೆನಿಸಿದರೆ ಪಕ್ಕಕ್ಕಿಟ್ಟುಕೋ, ಅದೇನು ಹಳಸಿ ಹೋಗುವುದಿಲ್ಲ.

ನಿನ್ನೆ ನೀನು ಕಳಿಸಿದ ಸಂದೇಶದಲ್ಲಿ ಇದ್ದದ್ದು ಎರಡೇ ಮಾತು. ಶನಿವಾರ ಸಂಜೆ ನಮ್ಮ ಬ್ಲಾಗಿನ ಮುಖಪುಟ ತಾನಾಗಿ ಕೆಟ್ಟಿಲ್ಲ, ನಿಮ್ಮ ಪಾಸ್‌ವರ್ಡ್‌ನಿಂದಲೇ ಒಳಗೆ ಹೋಗಿ ಕೆಡಿಸಿದ್ದಾರೆ, ಯಾಕೆ ಅತ್ತೆ, ಎನ್ನುವುದು ಒಂದು. ತನ್ನ ಅಂಗಡಿಗೂ ಇಂಥದೊಂದು ಪುಟ ಮಾಡಿಕೊಡೆಂದು ನಿನಗೆ ಮೊದಲ ಕೆಲಸ ಕೊಡಬೇಕೆಂದಿದ್ದ ಹೂಗಿಡದ ಅಂಗಡಿಯಾಕೆ ಆ ಕೆಟ್ಟ ಪುಟವನ್ನೇ ನೋಡಿ, ಯೋಚನೆ ಮಾಡಿ ಹೇಳ್ತೀನಿ ಅಂದುಬಿಟ್ಟಳು ಎನ್ನುವುದು ಇನ್ನೊಂದು. ಫೋನಿನಲ್ಲಿ ಹೇಳೋಣವೆಂದರೆ ನೀನು ನಡುವೆ ಬಾಯಿ ಹಾಕುತ್ತೀಯ, ನಾನು ಅಳುತ್ತೇನೆ, ಮಾತು ಅಲ್ಲಿಗೇ ನಿಲ್ಲುತ್ತದೆ. ಅದಕ್ಕೇ ಈ ಕಾಗದ.

ಹೌದು ಮಗಳೇ, ನಾನೇ. ಈ ಶನಿವಾರವೂ ನಾನೇ, ಅದರ ಹಿಂದಿನದೂ ನಾನೇ, ಅದಕ್ಕೂ ಹಿಂದಿನದೂ ನಾನೇ. ನೀನು ಪಾಪ, ಸರ್ವರ್ ಸರಿಯಿಲ್ಲವೆಂದು ಆ ಕಂಪನಿಯವರ ಜೊತೆ ಫೋನಿನಲ್ಲಿ ಗುದ್ದಾಡುತ್ತಿದ್ದಾಗ ನಾನು ಎದುರಿಗೆ ಕೂತು ಕಾಫಿ ಹೀರುತ್ತಾ, “ಈಗಿನೋರನ್ನ ನಂಬೋ ಹಾಗೇ ಇಲ್ಲ ಬಿಡು” ಅಂದಿದ್ದೆ. ಎಂಥ ಕಳ್ಳಿ ನೋಡು ನಾನು!

ನನ್ನ ಜೀವಮಾನವೆಲ್ಲ ಆಸ್ಪತ್ರೆಯ ವಾರ್ಡಿನಲ್ಲಿ ಹೋಯಿತು. ಗಂಟೆ ಬಾರಿಸಿ, ಭೇಟಿಗೆ ಬಂದವರನ್ನು ಹೊರಗೆ ಅಟ್ಟುವುದೇ ಹೆಡ್ ನರ್ಸ್ ಆದ ನನ್ನ ಕೆಲಸ. ಬಂದವರನ್ನು ಉಳಿಸಿಕೊಳ್ಳುವುದು ಹೇಗೆಂದು ಕಲಿಸಿದವಳು ನೀನು. ನಿವೃತ್ತಿಯಾದ ಮೇಲೆ, ಹಾಸಿಗೆ ಹಿಡಿದವರನ್ನು ಮನೆಯಲ್ಲೇ ನೋಡಿಕೊಳ್ಳುವವರಿಗೆಂದು ನಾನು ಬ್ಲಾಗು ಶುರು ಮಾಡಿದಾಗ ಅದರ ಮುಖಪುಟ ಹೇಗಿತ್ತು, ನೆನಪಿದೆಯಾ? ಮೇಲೆ ಸಮವಸ್ತ್ರದಲ್ಲಿ ನನ್ನ ಫೋಟೋ, ಪಕ್ಕದಲ್ಲಿ ಪಿಳಿಪಿಳಿ ಉರಿಯುವ ದೀಪ, ನನಗೆ ಬಂದ ಬಹುಮಾನಗಳು, ಕೆಳಗೆ ಇವತ್ತಿನ ಹವಾಮಾನ. ನೀನು ನಗು ತಡೆಯಲಾರದೆ, “ಅತ್ತೆ, ಇಲ್ಲಿಗೆ ಬರೋರು ಯಾರು? ಬರೋ ಹೊತ್ತಲ್ಲಿ ಅವರ ಕೈಯಲ್ಲಿ ಏನಿರತ್ತೆ?” ಎಂದು ಕೇಳಿದೆ. ನಾನು ಯೋಚಿಸಿ, ಅಪ್ಪನನ್ನೋ ಹೆಂಡತಿಯನ್ನೋ ಆಗಷ್ಟೇ ಆಸ್ಪತ್ರೆಯಿಂದ ಕರೆತಂದಿರುತ್ತಾರೆ, ಒಂದು ಕೈಯಲ್ಲಿ ಒದ್ದೆಯಾದ ಹಾಸಿಗೆಬಟ್ಟೆ, ಇನ್ನೊಂದರಲ್ಲಿ ಫೋನು ಅಂದೆ. “ಹಾಗಾದ್ರೆ ಅವರಿಗೆ ಹವಾಮಾನ ಯಾಕೆ ಬೇಕು?” ಎಂದು ನೀನು ಒಂದೊಂದನ್ನೇ ಕಿತ್ತುಹಾಕಿದೆ. ನನ್ನ ಫೋಟೋ ಕಿತ್ತಾಗ ಅರ್ಧ ದಿನ ಮುಖ ಊದಿಸಿಕೊಂಡಿದ್ದೆ.

ಕೊನೆಗೆ ಉಳಿದದ್ದು ಇಷ್ಟೇ: “ಮನೆಯಲ್ಲಿ ಹಾಸಿಗೆ ಹಿಡಿದವರಿದ್ದಾರೆಯೇ? ಪ್ರತಿ ಬುಧವಾರ ನಿಮಗೊಂದು ಪತ್ರ ಬರೆಯುತ್ತೇನೆ. ಒಂದು ಪತ್ರದಲ್ಲಿ ಒಂದೇ ಕೆಲಸ ಹೇಳಿಕೊಡುತ್ತೇನೆ.” ಕೆಳಗೆ ಇಮೇಲ್ ವಿಳಾಸ ಬರೆಯಲು ಒಂದು ಖಾನೆ, ಒಂದು ಬಟನ್. ಬಟನ್ ಮೇಲೆ ನಾನು ‘ಚಂದಾದಾರರಾಗಿ’ ಎಂದು ಹಾಕಿದ್ದೆ. ಇದು ನೀರಿನ ಬಿಲ್ಲು ಕಟ್ಟಿ ಅಂದ ಹಾಗಿದೆ ಎಂದು ನೀನು ಅದನ್ನು ಅಳಿಸಿ, ‘ನನಗೂ ಬರೆಯಿರಿ’ ಎಂದು ಹಾಕಿದೆ. ಅಲ್ಲಿಯವರೆಗೆ ಓದಿ ಸುಮ್ಮನೆ ಹೋಗುತ್ತಿದ್ದವರು ವಿಳಾಸ ಕೊಟ್ಟು ಹೋಗತೊಡಗಿದರು. ಯಾರೋ ಒಬ್ಬರು, ನಿಮ್ಮ ಪತ್ರ ನೋಡಿ ಮಾಡಿದೆ, ಅಮ್ಮನ ಬೆನ್ನಿನ ಹುಣ್ಣು ಮಾಯಿತು ಎಂದು ಬರೆದಾಗ ನಾವಿಬ್ಬರೂ ಅಡುಗೆಮನೆಯಲ್ಲಿ ಕುಣಿದಾಡಿದ್ದೆವು.

ಇಷ್ಟು ಚೆನ್ನಾಗಿದ್ದದ್ದನ್ನು ಕೆಡಿಸಿದ್ದೇಕೆ? ಚೆನ್ನಾಗಿ ಆಗಿಬಿಟ್ಟಿತಲ್ಲ, ಅದಕ್ಕೇ. ನೀನು ಲ್ಯಾಪ್‌ಟಾಪ್ ಮುಚ್ಚಿ, “ಮುಗೀತು ಅತ್ತೆ, ಇನ್ನು ಇದರಲ್ಲಿ ನನಗೆ ಕೆಲಸವೇ ಇಲ್ಲ” ಅಂದೆ. ನನ್ನ ಮಗ ನಿನ್ನನ್ನು ಬಿಟ್ಟ, ನೀನು ಅವನನ್ನು ಬಿಟ್ಟೆ, ಅದು ನಿಮ್ಮಿಬ್ಬರ ವಿಷಯ. ಕೋರ್ಟಿನಲ್ಲಿ ಇಬ್ಬರೂ ಸಹಿ ಹಾಕಿ ಬಂದಿರಿ. ಆದರೆ ನನ್ನನ್ನು ಯಾರೂ ಒಂದು ಮಾತು ಕೇಳಲಿಲ್ಲವಲ್ಲ! ಒಂದೇ ಮನೆಯಲ್ಲಿ ಒಂದೇ ಬಾಚಣಿಗೆಗೆ ಕಿತ್ತಾಡಿದವರು ನಾವು. ಪ್ರತಿ ಭಾನುವಾರ ನನ್ನನ್ನು ನೋಡಲು ಬರುವುದಕ್ಕೆ ಈ ಪುಟ ನಿನಗೆ ಒಂದು ನೆಪ ಎಂದುಕೊಂಡಿದ್ದೆ. ನಿನಗೆ ಅದು ಬರೀ ಕೆಲಸವಾಗಿದ್ದರೆ? ಹಾಗೆನಿಸಿದ ಮೇಲೆ ಕೂತಲ್ಲಿ ಕೂರಲಾಗಲಿಲ್ಲ. ಯಾವುದನ್ನು ಎಳೆದರೆ ಯಾವುದು ಎಲ್ಲಿಗೆ ಹೋಗುತ್ತದೆ ಎಂದು ನೀನೇ ಕಲಿಸಿದ್ದೆ. ಶನಿವಾರ ಸಂಜೆ ಆ ಖಾನೆಯನ್ನು ಎಳೆದು ಹಳೆಯ ಬರಹಗಳೆಲ್ಲದರ ತಳಕ್ಕೆ ತಳ್ಳಿದೆ. ಆಮೇಲೆ ನಿನಗೆ ಫೋನು ಮಾಡಿ, “ಅಯ್ಯೋ, ಮತ್ತೆ ಹೋಯ್ತು ಕಣೇ” ಅಂದೆ. ಭಾನುವಾರ ಬೆಳಿಗ್ಗೆ ನೀನು ಬಾಗಿಲಲ್ಲಿ ಹಾಜರ್.

ನಿನ್ನ ಬಳಿ ಜನರಿಗೆ ತೋರಿಸಲು ಇರುವುದು ನನ್ನ ಪುಟವೊಂದೇ ಎನ್ನುವುದು ನನ್ನ ತಲೆಗೆ ಹೊಳೆಯಲೇ ಇಲ್ಲ. ಒದ್ದೆ ಹಾಸಿಗೆಬಟ್ಟೆ ಹಿಡಿದು ಬಂದವರೂ ಆ ದಿನಗಳಲ್ಲಿ ಸೇರಲು ಜಾಗ ಸಿಗದೆ ಹೋಗಿರಬೇಕು. ನನ್ನ ವಾರ್ಡಿನಲ್ಲಿ ಬೇರೆ ಯಾರಾದರೂ ಇಂಥ ಕೆಲಸ ಮಾಡಿದ್ದರೆ ಅವರ ಗ್ರಹಚಾರ ಬಿಡಿಸುತ್ತಿದ್ದೆ.

ಈಗ ಕೇಳು, ಸಿಟ್ಟಾಗಬೇಡ. ಇವತ್ತು ಬೆಳಿಗ್ಗೆ ಖಾನೆಯನ್ನು ಅದರ ಜಾಗಕ್ಕೆ ತಂದಿಟ್ಟು, ಸೀದಾ ಹೂಗಿಡದ ಅಂಗಡಿಗೆ ಹೋದೆ. ಕೆಡಿಸಿದವಳು ನಾನು, ಪುಟ ಮಾಡಿದವಳದೇನೂ ತಪ್ಪಿಲ್ಲ ಎಂದು ಹೇಳಿದೆ. ಆಕೆ ಕುಂಡಕ್ಕೆ ಮಣ್ಣು ತುಂಬುತ್ತಿದ್ದವಳು ನನ್ನನ್ನು ಮೇಲಿಂದ ಕೆಳಗೆ ನೋಡಿ, “ಅವರು ನಿಮಗೇನಾಗ್ಬೇಕು?” ಎಂದು ಕೇಳಿದಳು. ಸೊಸೆ ಅಂದೆ. ಆಗಿದ್ದಳು ಎಂದು ತಿದ್ದಬೇಕೆಂದುಕೊಂಡೆ, ನಾಲಿಗೆ ಏಳಲಿಲ್ಲ. ಆಕೆ ಕೈ ಒರೆಸಿಕೊಂಡು ಫೋನಿನಲ್ಲಿ ಪುಟ ತೆರೆದು ನೋಡಿ, “ಈಗ ಚೆನ್ನಾಗಿದೆ” ಅಂದಳು. ಕೆಲಸ ಕೊಡುತ್ತಾಳೋ ಇಲ್ಲವೋ ಹೇಳಲಿಲ್ಲ. ಮುಜುಗರಕ್ಕೆ ನಾನೊಂದು ಗಿಡ ಕೊಂಡು ಬಂದೆ. ಅದರ ಹೆಸರೂ ನನಗೆ ಗೊತ್ತಿಲ್ಲ.

ಪಾಸ್‌ವರ್ಡ್ ಬದಲಾಯಿಸಿಬಿಡು. ಬುಧವಾರದ ಪತ್ರ ಬರೆಯುವುದಕ್ಕೆ ಮಾತ್ರ ನನಗೆ ಅವಕಾಶವಿಟ್ಟು ಉಳಿದದ್ದಕ್ಕೆಲ್ಲ ಬೀಗ ಹಾಕು. ಇನ್ನು ನನ್ನ ಹತ್ತಿರ ನೆಪಗಳಿಲ್ಲ, ನೇರವಾಗಿಯೇ ಕೇಳುತ್ತೇನೆ. ಭಾನುವಾರ ಬರುತ್ತೀಯಾ? ಪುಟಕ್ಕೆ ಏನೂ ಆಗಿಲ್ಲ. ನಿನ್ನನ್ನು ನೋಡಬೇಕು, ಅಷ್ಟೇ. ಬರದಿದ್ದರೆ ಬೇಜಾರಿಲ್ಲ ಎಂದು ಬರೆಯಲು ಹೊರಟಿದ್ದೆ. ತುಂಬಾ ಬೇಜಾರಾಗುತ್ತದೆ, ಸುಳ್ಳು ಯಾಕೆ ಹೇಳಲಿ.

ಯಾವ ಕಾಗದಕ್ಕೂ ಸಹಿ ಹಾಕದ,
ನಿನ್ನ ಅತ್ತೆ

ತಾ.ಕ.: ಎಲ್ಲ ಹೇಳಿದೆ ಎಂದುಕೊಂಡು ಲಕೋಟೆ ಅಂಟಿಸಲು ಹೊರಟವಳು ಮತ್ತೆ ಕೂತೆ. ನಾನು ಮೊದಲ ಸಲ ಪುಟ ಕೆಡಿಸುವುದಕ್ಕೂ ಮುಂಚಿನ ಭಾನುವಾರ ನಿನಗೆ ಕಾಫಿ ಬೆರೆಸುತ್ತಾ ಕಿಟಕಿಯಿಂದ ಕೆಳಗೆ ನೋಡಿದ್ದೆ. ನಿನ್ನನ್ನು ಬಿಡಲು ಬಂದವನು ಹೋಗದೆ ಬೈಕಿಗೆ ಒರಗಿಕೊಂಡು ನಿಂತಿದ್ದ. ನೀನು ಇಳಿದು ಹೋಗುವವರೆಗೂ ಬಿಸಿಲಿಗೆ ತಲೆಯ ಮೇಲೆ ಪೇಪರ್ ಹಿಡಿದು ನಿಂತೇ ಇದ್ದ. ಆಮೇಲಿನ ಭಾನುವಾರಗಳಲ್ಲೂ ಅಷ್ಟೇ. ಅವನಿಗೂ ಒಬ್ಬ ತಾಯಿ ಇರುತ್ತಾಳೆ, ಇನ್ನು ನೀನು ಅತ್ತೆ ಎಂದು ಕರೆಯುವುದು ಅವಳನ್ನು ಎಂದು ನನಗೆ ಹೊಟ್ಟೆ ಉರಿಯಿತು. ನಿನ್ನ ಮುಖ ನೋಡಿದರೆ ಒಳ್ಳೆಯವನೇ ಇರಬೇಕು. ಈ ಸಲ ಅವನನ್ನು ಬೀದಿಯಲ್ಲಿ ನಿಲ್ಲಿಸಬೇಡ, ಮೇಲೆ ಕರೆದುಕೊಂಡು ಬಾ. ಕಾಫಿಗೆ ಸಕ್ಕರೆ ಎಷ್ಟು ಹಾಕಬೇಕೆಂದು ಮಾತ್ರ ಮೊದಲೇ ತಿಳಿಸು.