ಒಂಬತ್ತನೇ ಹಾಸಿಗೆಯ ತಟ್ಟೆ

ಗದಗ, ೩೦ ಫೆಬ್ರುವರಿ ೨೧೯೧

ಶಕೀಲಾ ಅಕ್ಕನವರಿಗೆ,

ತಾರೀಖು ನೋಡಿ ಯಾರದೋ ಕೀಟಲೆ ಅಂದುಕೊಳ್ಳಬೇಡಿ. ನಮ್ಮ ಕಾಲದಲ್ಲಿ ಫೆಬ್ರುವರಿಗೂ ಮೂವತ್ತು ದಿನ ಕೊಟ್ಟಿದ್ದೇವೆ. ಮಾತು ಅಲ್ಲಲ್ಲಿ ವಿಚಿತ್ರ ಅನ್ನಿಸಿದರೆ ಕ್ಷಮಿಸಿ. ಲೆಕ್ಕಕ್ಕೆ ನೀವು ನನ್ನ ಮುತ್ತಜ್ಜಿಗಿಂತ ಹಿರಿಯರು. ಆದರೆ ಇದನ್ನು ಓದುವಾಗ ನಿಮಗೆ ಮೂವತ್ತೈದು ಇದ್ದೀತು, ಅದಕ್ಕೇ ಅಕ್ಕ ಎಂದೆ. ನೀವು ಪ್ರಯೋಗಾಲಯ ನೋಡಿಕೊಳ್ಳುತ್ತಿರುವ ಸುಟ್ಟಗಾಯದ ವಾರ್ಡಿನಲ್ಲೇ ನನ್ನ ಕೆಲಸ. ಹಳೆಯ ರೋಗಾಣುಗಳನ್ನಿಟ್ಟ ತಣ್ಣನೆ ಕೋಣೆ ಕಾಯುತ್ತೇನೆ. ಈ ಕಾಗದ ಹಿಂದಂಚೆಯಲ್ಲಿ ಬರುತ್ತದೆ, ಅಂದರೆ ಕಳೆದ ಕಾಲಕ್ಕೆ ಹೋಗುವ ಅಂಚೆ. ಅದರಲ್ಲಿ ಅಕ್ಷರ ಬಿಟ್ಟು ಬೇರೇನೂ ಹೋಗದು.

ಇಲ್ಲಿ ಬಹಳ ಬದಲಾಗಿದೆ. ಸುಟ್ಟ ಮೈಗೆ ಹೊದಿಸಲು ತೊಗಲುಬಟ್ಟೆ ಇದೆ, ರೋಗಿಯದೇ ಚರ್ಮವನ್ನು ಹಾಳೆಯಂತೆ ಬೆಳೆಸಿದ್ದು. ಗಾಯದ ಕೀವು ಕೊಟ್ಟರೆ ಚಹಾ ಕುದಿಯುವಷ್ಟರಲ್ಲಿ ರೋಗಾಣುವಿನ ಜೀನುಗಳೆಲ್ಲ ಪಟ್ಟಿಯಾಗಿ ಬರುತ್ತವೆ. ಮಿರ್ಚಿ ಭಜಿ ಮಾತ್ರ ಈಗಲೂ ಕಾದ ಎಣ್ಣೆಯಲ್ಲೇ ಕರಿಯಬೇಕು! ನನ್ನ ತಂಗಿ ವಿಶಾಲಿ ಭಜಿ ಅಂಗಡಿಯವಳು. ಐದು ದಿನದ ಹಿಂದೆ ಕಡಾಯಿ ಮಗುಚಿ ಅವಳ ಬಲಗೈ ಭುಜದ ತನಕ ಬೆಂದಿದೆ. ಯಕ್ಕಾ, ಈ ಕೈ ಇಲ್ಲಂದ್ರ ಹಿಟ್ಟು ಹೆಂಗ ಕಲಸಲಿ ಅಂತ ಒಂದೇ ಸಮನೆ ಕೇಳುತ್ತಾಳೆ.

ನಿನ್ನೆ ಕೀವು ಹಸಿರಾಯಿತು. ಈ ಹಸಿರು ರೋಗಾಣು ನೂರು ವರ್ಷದಿಂದ ಯಾರಿಗೂ ಬಂದಿರಲಿಲ್ಲ. ಪಟ್ಟಿಯಲ್ಲಿ ನುಗ್ಗುಜೀನು ಸಿಕ್ಕಿತು. ಸೋಂಕನ್ನು ಗಾಯದಿಂದ ರಕ್ತಕ್ಕೆ ನುಗ್ಗಿಸುತ್ತದೆಂದು ನಾವಿಟ್ಟ ಹೆಸರು. ನಿಮ್ಮ ಕಾಲದಿಂದ ಉಳಿದುಬಂದ ಇನ್ನೂರ ಹನ್ನೆರಡು ಮಾದರಿಗಳಲ್ಲೂ ಅದೇ ಜೀನು ಇದೆ. ಅವು ಯಾರ ಗಾಯದವೋ ಆ ಇನ್ನೂರ ಹನ್ನೆರಡು ಜನರೂ ಈ ಸೋಂಕಿನಿಂದಲೇ ಸತ್ತಿದ್ದಾರೆ. ಹಾಗಾಗಿ ನಾಳೆ ಹತ್ತು ಗಂಟೆಗೆ ಕೈ ತೆಗೆಯುತ್ತೇವೆ ಎಂದಿದ್ದಾರೆ ಡಾಕ್ಟರು.

ಅಕ್ಕ, ನನ್ನ ತಕರಾರು ಒಂದೇ. ನೀವೆಲ್ಲ ಸತ್ತವರ ಮಾದರಿಗಳನ್ನಷ್ಟೇ ತೆಗೆದಿಟ್ಟಿರಿ. ವಾಸಿಯಾಗಿ ಮನೆಗೆ ಹೋದವರ ರೋಗಾಣು ಬೆಳೆಸಿದ ತಟ್ಟೆಗಳನ್ನು, ಇನ್ನೇಕೆ ಎಂದು, ಆವಿಯಲ್ಲಿ ಬೇಯಿಸಿ ಎಸೆದಿರಿ. ಅವರಲ್ಲೂ ಇದೇ ಜೀನು ಇತ್ತೋ ಏನೋ! ಇದ್ದಿದ್ದರೆ ಅದೊಂದೇ ಕೊಲ್ಲುವುದಿಲ್ಲ ಎಂದಾಯಿತು, ಕೈ ಉಳಿಸಿಕೊಂಡೇ ಔಷಧಿ ಮಾಡಬಹುದು. ಡಾಕ್ಟರಿಗೆ ಹೇಳಿದೆ. ಪುರಾವೆ ಎಲ್ಲಿ ಅಂದರು.

ನಿಮ್ಮ ಕೈಬರಹದ ರಿಜಿಸ್ಟರಿನಲ್ಲಿ ಒಂದು ಸಾಲಿದೆ: ಒಂಬತ್ತನೇ ಹಾಸಿಗೆ, ಬಲಗೈ, ಹಸಿರು ಕೀವು, ನಡೆದುಕೊಂಡೇ ಮನೆಗೆ ಹೋದರು. ಕೈಮುಗಿದು ಕೇಳುತ್ತೇನೆ, ಅವರ ತಟ್ಟೆ ಎಸೆಯಬೇಡಿ. ಅದರಿಂದ ಒಂದು ಚೂರು ಶೀಶೆಗೆ ಹಾಕಿ, ತಣ್ಣನೆ ಪೆಟ್ಟಿಗೆಯ ಏಳನೇ ಖಾನೆಯಲ್ಲಿಡಿ. ಆ ಪೆಟ್ಟಿಗೆ ಇಂದಿಗೂ ನನ್ನ ಕೋಣೆಯಲ್ಲಿದೆ, ಅಲ್ಲಿ ಜಾಗ ಇದೆ.

ಇಷ್ಟು ಬರೆದು, ತಡೆಯಲಾರದೆ ಹೋಗಿ ಏಳನೇ ಖಾನೆ ತೆಗೆದು ನೋಡಿ ಬಂದೆ. ಖಾಲಿ ಇದೆ. ಕಾಗದ ಇನ್ನೂ ಅಂಚೆಗೆ ಬಿದ್ದಿಲ್ಲವಲ್ಲ, ಅದಕ್ಕೇ ಇರಬೇಕು. ಇಗೋ, ಹಾಕಿಬಿಡುತ್ತೇನೆ. ಹಾಕಿ, ಮತ್ತೊಮ್ಮೆ ಹೋಗಿ ನೋಡುತ್ತೇನೆ.

ನಿಮ್ಮ
ಅನಸೂಯಾ ಹೊಂಬಳ