ಹೇಳಲಾಗದ ಓಟು

ಮೇ ೧೨, ಭಾನುವಾರ

ಬೆರಳಿನ ಶಾಯಿ ಸೋಪಿಗೂ ಹೋಗಲಿಲ್ಲ. ಹೊಟ್ಟೆಯೊಳಗಿನ ಮಾತನ್ನಂತೂ ಯಾರಿಗೂ ಹೇಳುವಂತಿಲ್ಲ.

ನಮ್ಮಲ್ಲೇ ಇದ್ದು ಆಸ್ಪತ್ರೆಯಲ್ಲಿ ಪಾಳಿ ಕೆಲಸ ಮಾಡುವ ತಂಗಿಯ ಮಗಳಿಗೆ ಇದು ಮೊದಲ ಓಟು. ಅವಳು ಚುನಾವಣೆಗೆ ನಿಂತ ಟೀಚರಮ್ಮನ ಕಡೆ, ನಾನು ಮೊದಲಿನಿಂದಲೂ ಅವರೆದುರು ನಿಂತ ಮಿಲ್ಲಿನ ಯಜಮಾನರ ಕಡೆ. ಬೆಳಿಗ್ಗೆ ಹೊದಿಕೆಯೊಳಗಿಂದಲೇ, "ನಾನು ಬರಲ್ಲ ಮಾಮ. ನಾನು ಹಾಕಿದ್ದನ್ನ ನೀನು ಹೋಗಿ ಅಳಿಸ್ತೀಯ. ಇಬ್ಬರೂ ಮಲಗಿದ್ರೂ ಲೆಕ್ಕ ಅಷ್ಟೇ," ಎಂದಳು.

"ಸೋಲ್ತೀನಂತ ಹೆದರಿಕೆ ತಾನೆ?" ಎಂದು ಕೆಣಕಿದೆ. ತಲೆಯನ್ನೂ ಬಾಚದೆ ಎದ್ದು ಬಂದಳು.

ಸಾಲಿನಲ್ಲೆಲ್ಲ ನರೆತ ತಲೆಗಳೇ, ಅವಳ ಓರಗೆಯವರು ಒಬ್ಬರೂ ಇಲ್ಲ. ನಿಂತಲ್ಲೇ ಹೇಳಿದಳು, "ಟೀಚರಮ್ಮ ಗೆದ್ರೆ ಆಸ್ಪತ್ರೆ ಪಾಳಿಯೋರಿಗೆ ರಾತ್ರಿ ಬಸ್ಸು ಬಿಡಿಸ್ತಾರಂತೆ. ಕತ್ತಲಲ್ಲಿ ಓಡ್ಕೊಂಡು ಬಂದು ಸಾಕಾಗಿದೆ ಮಾಮ."

ಇವಳು ಓಡಿ ಬರುತ್ತಾಳೆಂದು ನನಗೆ ಇವತ್ತೇ ಗೊತ್ತಾದದ್ದು. ಸೂಜಿಗೆ ಒಂದೇ ಸಲಕ್ಕೆ ದಾರ ಪೋಣಿಸುವ ಈ ದರ್ಜಿಯ ಬೆರಳು ಒಳಗೆ ಯಜಮಾನರ ಗುರುತಿನವರೆಗೆ ಹೋಗಿ ಹಿಂದೆ ಸರಿಯಿತು. ಟೀಚರಮ್ಮನಿಗೇ ಒತ್ತಿ ಬಂದೆ.

ಸಂಜೆ ಕ್ಷೌರದಂಗಡಿಯಲ್ಲಿ ಎಲ್ಲರೂ ತಮ್ಮ ಓಟು ಯಾರಿಗೆಂದು ಹೇಳಿಕೊಂಡರು. ನಾನೂ ಮೀಸೆ ತಿರುವಿ, "ನಮ್ಮದು ಯಜಮಾನರಿಗೇ," ಎಂದೆ. ಪಾಳಿಗೆ ಹೊರಟಿದ್ದ ಹುಡುಗಿ ಅದನ್ನು ಕೇಳಿ ಅಂಗಡಿಯ ಬಾಗಿಲಲ್ಲಿ ನಿಂತು, "ಮುಂದಿನ ಸಲ ನಮ್ಮ ಪಾಳಿ ಹುಡುಗೀರನ್ನೆಲ್ಲ ಕರ್ಕೊಂಡು ಬರ್ತೀನಿ. ಎಷ್ಟು ಅಳಿಸ್ತೀಯೋ ನೋಡೋಣ," ಎಂದಳು.

ಮಾಡದ್ದನ್ನೂ ಮಾಡಿದೆನೆಂದು ಊರಿಗೆಲ್ಲ ಕೊಚ್ಚಿಕೊಂಡವನು ನಾನು. ಇದೊಂದನ್ನು ಹೇಳಿದರೆ ಹುಡುಗಿ ಮತ್ತೆ ಮುಸುಕೆಳೆದು ಮಲಗುತ್ತಾಳೆ. ನನ್ನನ್ನು ಸೋಲಿಸಲಿಕ್ಕಾದರೂ ಎಲ್ಲರೂ ಬರಲಿ.

ಪಾಳಿ ಬಿಡುವ ಹೊತ್ತಾಯಿತು. ಟಾರ್ಚ್ ಹಿಡಿದು ಆಸ್ಪತ್ರೆಯ ತಿರುವಿನವರೆಗೆ ಹೋಗಿ ಬರುತ್ತೇನೆ. ಕೇಳಿದರೆ, ನಿದ್ದೆ ಬರಲಿಲ್ಲ, ಗಾಳಿಗೆ ಬಂದೆ ಎಂದರಾಯಿತು.